ಬದಲಾಗುತ್ತಿರುವ ಮಳೆ ಮತ್ತು ಕರಾವಳಿಯ ಅಡಿಕೆ ತೋಟ

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಬೆಳೆಗಾರರಿಗೆ ಮಳೆ ಹೊಸದೇನಲ್ಲ. ವರ್ಷಕ್ಕೆ 3,000 ಮಿ.ಮೀ. ಮೀರಿ, ಅಂದರೆ ಹಳೆಯ ಲೆಕ್ಕದಲ್ಲಿ 120 ಇಂಚಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ ನಮ್ಮದು. ಈ ಮಳೆಯನ್ನು ನಂಬಿಯೇ ಹಿರಿಯರು ಕಣಿವೆಯ ತಳದಲ್ಲಿ ತೋಟ ಎಬ್ಬಿಸಿದರು, ಬಸಿಗಾಲುವೆ ತೋಡಿದರು, ಮೇಲಿನ ಬೆಟ್ಟದಿಂದ ಸೊಪ್ಪು, ದರಕು ತಂದು ಮರದ ಬುಡಕ್ಕೆ ಹಾಕಿದರು. ರೋಹಿಣಿ ಮಳೆಯ ಹೊತ್ತಿಗೆ ಕೊಳೆಮದ್ದಿನ ಸಿದ್ಧತೆ, ಪುನರ್ವಸು-ಪುಷ್ಯದ ನಡುವೆ ಎರಡನೆಯ ಸಿಂಪಡಣೆ, ದೀಪಾವಳಿ ಕಳೆದ ಮೇಲೆ ಕೊಯ್ಲು, ಅಂಗಳದಲ್ಲಿ ಚಾಲಿ ಒಣಗಿಸುವುದು: ತೋಟದ ಪಂಚಾಂಗವೆಲ್ಲ ಮಳೆಯ ಪಂಚಾಂಗಕ್ಕೇ ಹೊಂದಿಕೊಂಡಿತ್ತು.

ಈಚಿನ ವರ್ಷಗಳಲ್ಲಿ ಈ ಲೆಕ್ಕ ಕೈಕೊಡತೊಡಗಿದೆ. 2023ರಲ್ಲಿ ಮುಂಗಾರು ಕೇರಳ ತೀರವನ್ನು ಮುಟ್ಟಿದ್ದು ಜೂನ್ 8ರಂದು, ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶದಲ್ಲಿ ಅತ್ಯಂತ ಕಡಿಮೆ ಮಳೆ ಬಿದ್ದ ಆಗಸ್ಟ್ ಎನಿಸಿತು. ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಲಾಯಿತು. ಎರಡು ವರ್ಷ ಕಳೆದು 2025ರಲ್ಲಿ ಮುಂಗಾರು ಮೇ 24ಕ್ಕೇ ಕೇರಳ ಸೇರಿತು. 2009ರ ಬಳಿಕ ಇಷ್ಟು ಬೇಗ ಬಂದದ್ದಿಲ್ಲ. ಕೃತ್ತಿಕೆ ಇನ್ನೂ ಮುಗಿದಿರಲಿಲ್ಲ. ಈ ಎರಡು ವರ್ಷಗಳ ಆರಂಭದ ದಿನಕ್ಕೆ ಹದಿನೈದು ದಿನಗಳ ಅಂತರ. ಕೊಳೆಮದ್ದಿನ ಮೊದಲ ಸಿಂಪಡಣೆಯನ್ನು ಮಳೆಗೆ ಮುಂಚೆ ಮುಗಿಸಬೇಕಾದ ಬೆಳೆಗಾರನಿಗೆ ಈ ಹದಿನೈದು ದಿನವೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹವಾಮಾನ ಬದಲಾವಣೆಯ ಮಾತು ಬಂದಾಗ ನಮ್ಮಲ್ಲಿ ಅನೇಕರು ‘ಮಳೆ ಕಡಿಮೆಯಾಗಿದೆಯೋ, ಹೆಚ್ಚಾಗಿದೆಯೋ’ ಎಂದು ಕೇಳುತ್ತಾರೆ. ತೋಟದವನಿಗೆ ಈ ಪ್ರಶ್ನೆಯಿಂದ ಹೆಚ್ಚು ಪ್ರಯೋಜನವಿಲ್ಲ. ವರ್ಷದ ಒಟ್ಟು ಮಳೆ ಸರಾಸರಿಗೆ ಸಮೀಪವಿದ್ದೂ ಫಸಲು ಹಾಳಾಗಬಹುದು. ಯಾವಾಗ ಬಿತ್ತು, ಎಷ್ಟು ತಾಸಿನಲ್ಲಿ ಬಿತ್ತು, ಎಷ್ಟು ದಿನ ಬಿಡುವು ಕೊಟ್ಟಿತು ಎಂಬುದೇ ಮುಖ್ಯ. ಈ ಲೇಖನದಲ್ಲಿ ಹೇಳಹೊರಟಿರುವುದು ಅದನ್ನೇ.

ಒಂದು ದಿನದ ಮಳೆ, ಒಂದು ಬೇಸಿಗೆಯ ನೀರು

2022ರ ಆಗಸ್ಟ್ 2ರ ಬೆಳಗಿನವರೆಗಿನ 24 ತಾಸುಗಳಲ್ಲಿ ಭಟ್ಕಳದಲ್ಲಿ 500 ಮಿ.ಮೀ. ಮೀರಿ ಮಳೆ ಸುರಿಯಿತು. ಹವಾಮಾನ ಇಲಾಖೆಯು ದಿನಕ್ಕೆ 204.5 ಮಿ.ಮೀ.ಗೆ ಮಿಕ್ಕಿದ ಮಳೆಯನ್ನು ‘ಅತ್ಯಂತ ಭಾರಿ’ ಎಂದು ಕರೆಯುತ್ತದೆ. ಭಟ್ಕಳದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಪೇಟೆಯೊಳಗೆ ನೀರು ನುಗ್ಗಿತು. ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಜೀವ ಕಳೆದುಕೊಂಡರು. 2024ರ ಜುಲೈ 16ರಂದು ಕುಮಟಾಕ್ಕೆ ತಾಗಿದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಗೆ ಗುಡ್ಡ ಜರಿದು ಗಂಗಾವಳಿಯವರೆಗೂ ಮಣ್ಣು ಹೋದದ್ದು ಎಲ್ಲರ ನೆನಪಿನಲ್ಲಿದೆ.

ಈ ಮಳೆಯನ್ನು ತೋಟದ ಲೆಕ್ಕಕ್ಕೆ ತಂದು ನೋಡೋಣ. ಒಂದು ಎಕರೆಯ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಸುಮಾರು 4,047 ಲೀಟರು ನೀರಾಗುತ್ತದೆ. 500 ಮಿ.ಮೀ. ಎಂದರೆ ಎಕರೆಗೆ 20 ಲಕ್ಷ ಲೀಟರು. ಇನ್ನು ಬೇಸಿಗೆಯ ಕಡೆ ನೋಡಿದರೆ, ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರು ಸಾಕೆಂಬುದು ತಜ್ಞರ ಶಿಫಾರಸು. ಎಕರೆಗೆ 550 ಮರಗಳೆಂದು ಹಿಡಿದರೆ ದಿನಕ್ಕೆ ಸುಮಾರು 10,000 ಲೀಟರು. ಹಾಗಾದರೆ ಆ ಒಂದೇ ದಿನ ಎಕರೆ ತೋಟದ ಮೇಲೆ ಬಿದ್ದ ನೀರು ಅದೇ ತೋಟಕ್ಕೆ 200 ದಿನ, ಎಂದರೆ ಇಡೀ ಬೇಸಿಗೆಗೆ ಆಗಿ ಮಿಗುವಷ್ಟು! ಆ ನೀರು ನಿಲ್ಲಲಿಲ್ಲ. ಮೇಲ್ಮಣ್ಣನ್ನೂ ಗೊಬ್ಬರವನ್ನೂ ಹೊತ್ತುಕೊಂಡು ಹಳ್ಳ, ಹೊಳೆ, ಕಡಲು ಸೇರಿತು. ಎಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಾಣುವ ತೋಟವೂ ಅದೇ, ಆಗಸ್ಟಿನಲ್ಲಿ ಬುಡದಲ್ಲಿ ನೀರು ನಿಂತು ಬೇರು ಕೊಳೆಯುವ ತೋಟವೂ ಅದೇ.

ಕಡಲು ಕಾದದ್ದರ ಫಲ

ಇಂಥ ಮಳೆಗೆ ಕಾರಣವೇನು? ಯಾವುದೇ ಒಂದು ದಿನದ ಮಳೆಗೆ ಹವಾಮಾನ ಬದಲಾವಣೆಯೊಂದೇ ಕಾರಣವೆಂದು ಬೊಟ್ಟು ಮಾಡಲಾಗದು. ಘಟ್ಟದ ಬುಡದಲ್ಲಿ ಹಿಂದೆಯೂ ದೊಡ್ಡ ಮಳೆಗಳಾಗಿವೆ. ಆದರೆ ಅಂಥವು ಹೆಚ್ಚಾಗಲು ಬೇಕಾದ ಸಲಕರಣೆ ಈಗ ಕೂಡಿಬಂದಿದೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಡಬಲ್ಲದು. ನಮ್ಮ ಮುಂಗಾರಿಗೆ ತೇವ ಕೊಡುವ ಅರಬ್ಬೀ ಸಮುದ್ರದ ಮೇಲ್ಮೈ, ನಾಲ್ಕು ದಶಕಗಳ ಹಿಂದಿನದಕ್ಕಿಂತ 1.2ರಿಂದ 1.4 ಡಿಗ್ರಿಯಷ್ಟು ಬಿಸಿಯಾಗಿದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನದಂತೆ, 1982-2000ರ ಅವಧಿಗೆ ಹೋಲಿಸಿದರೆ 2001-2019ರಲ್ಲಿ ಅರಬ್ಬೀ ಸಮುದ್ರದ ಚಂಡಮಾರುತಗಳ ಸಂಖ್ಯೆ ಶೇಕಡಾ 52ರಷ್ಟು ಹೆಚ್ಚಿತು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ತೀರದ ಪಕ್ಕದಲ್ಲೇ ಹಾದು ಗುಜರಾತಿಗೆ ಹೋಯಿತು. ಮುಂಗಾರಿಗೆ ಎರಡು ವಾರ ಇರುವಾಗಲೇ ಗಾಳಿ-ಮಳೆ ಬಡಿದರೆ ಎಳೆ ಮಿಡಿ ಉದುರುವುದು, ತಲೆ ಭಾರವಾದ ಮರ ಮುರಿಯುವುದು ಸಹಜ.

ಕಡಲೂ ಗಾಳಿಯೂ ಕಾಯುತ್ತಿರುವುದಕ್ಕೆ ಮೂಲ ಕಾರಣ, ಭೂಮಿಯ ಸುತ್ತ ಶಾಖವನ್ನು ತಡೆಹಿಡಿಯುವ ಅನಿಲಗಳು ಹೆಚ್ಚಿರುವುದು. ಇವನ್ನು ಹಸಿರುಮನೆ ಅನಿಲಗಳೆನ್ನುತ್ತಾರೆ. ಚಳಿಗೆ ಒಂದು ಕಂಬಳಿ ಹಿತ. ಅದರ ಮೇಲೆ ಇನ್ನೊಂದು, ಮತ್ತೊಂದು ಹೊದಿಸಿದರೆ ಮಲಗಿದವನು ಬೆವರುತ್ತಾನೆ. ಈ ಅನಿಲಗಳಲ್ಲಿ ಮುಖ್ಯವಾದುದು ಇಂಗಾಲಾಮ್ಲ, ಅಂದರೆ ಇಂಗಾಲದ ಡೈಆಕ್ಸೈಡ್. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದಾಗ ಮತ್ತು ಕಾಡು ಕಡಿದಾಗ ಇದು ಗಾಳಿಗೆ ಸೇರುತ್ತದೆ. ಯಂತ್ರೋದ್ಯಮ ಶುರುವಾಗುವ ಮೊದಲು ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗ ಇಂಗಾಲಾಮ್ಲವಿತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳೆಯತೊಡಗಿದಾಗ ಅದು 315ರಷ್ಟಿತ್ತು. 2024ರ ಸರಾಸರಿ 424 ದಾಟಿದೆ. ಅದೇ 2024, ಅಳತೆ ಇಡಲು ಶುರುವಾದಂದಿನಿಂದ ಜಗತ್ತಿನ ಅತ್ಯಂತ ಬಿಸಿ ವರ್ಷವೆಂದೂ ದಾಖಲಾಯಿತು.

ತೋಟದಲ್ಲಿ ಕಾಣುವ ಲಕ್ಷಣಗಳು

ಕೊಳೆರೋಗ: 20ರಿಂದ 23 ಡಿಗ್ರಿ ತಂಪು, ಶೇಕಡಾ 90 ಮೀರಿದ ತೇವ, ನಡುನಡುವೆ ಬಿಸಿಲು, ಮತ್ತೆ ಮಳೆ: ಕೊಳೆಯ ಶಿಲೀಂಧ್ರಕ್ಕೆ ಹಬ್ಬವೇ ಸರಿ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯುವ ಪದ್ಧತಿಗೆ ಬುನಾದಿ ಹಾಕಿದವರು ಅವರೇ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಇಂದಿಗೂ ಬದಲಾಗಿಲ್ಲ. ಬದಲಾಗಿರುವುದು ಸಿಂಪಡಣೆಗೆ ಸಿಗುವ ಬಿಡುವು. ಮುಂಗಾರಿಗೆ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಎಂಬ ಎರಡು ಸಿಂಪಡಣೆಯಲ್ಲಿ ಮುಗಿಯುತ್ತಿದ್ದ ಕೆಲಸ, ಮಳೆ ಬೇಗ ಹಿಡಿದು ತಡವಾಗಿ ಬಿಟ್ಟ ವರ್ಷ ಮೂರಕ್ಕೆ ಹೋಗುತ್ತದೆ. ಮೈಲುತುತ್ತದ ಬೆಲೆ, ಮರ ಹತ್ತುವವರ ಕೂಲಿ, ಅವರ ಅಭಾವ ಇವನ್ನೆಲ್ಲ ಸೇರಿಸಿದರೆ, ಅರ್ಧ ಎಕರೆಯವನಿಗೆ ಮೂರನೆಯ ಸಿಂಪಡಣೆಯೇ ವರ್ಷದ ಉಳಿತಾಯವನ್ನು ತಿಂದುಹಾಕುತ್ತದೆ.

ಎಲೆಚುಕ್ಕೆ: ಕೆಲವು ವರ್ಷಗಳಿಂದ ಮಲೆನಾಡಿನಲ್ಲೂ ನಮ್ಮ ಜಿಲ್ಲೆಯಲ್ಲೂ ಹರಡಿರುವ ಎಲೆಚುಕ್ಕೆ ರೋಗಕ್ಕೂ ದೀರ್ಘಕಾಲ ಒದ್ದೆಯಾಗಿಯೇ ಇರುವ ಸೋಗೆ ಅನುಕೂಲ. ಕೊಳೆ ಆ ವರ್ಷದ ಕಾಯಿಯನ್ನು ಕೆಡಿಸುತ್ತದೆ; ಎಲೆಚುಕ್ಕೆ ಸೋಗೆಯನ್ನು ಸುಟ್ಟು ಮುಂದಿನ ವರ್ಷಗಳ ಫಸಲನ್ನೂ ಕುಗ್ಗಿಸುತ್ತದೆ. ಒಬ್ಬನ ತೋಟದಲ್ಲಿ ಮದ್ದು ಹೊಡೆದು ಪಕ್ಕದವನದನ್ನು ಬಿಟ್ಟರೆ ಪ್ರಯೋಜನವಿಲ್ಲ. ಇದು ಊರೊಟ್ಟಿನ ಕೆಲಸ.

ಚಾಲಿ: ಘಟ್ಟದ ಮೇಲಿನ ಕೆಂಪಡಿಕೆಗೆ ಬೇಯಿಸಲು ಉರುವಲು ಬೇಕು. ನಮ್ಮ ಚಾಲಿಗೆ ಬಿಸಿಲೇ ಸಾಕು. ಅನಿಲಗಳ ಲೆಕ್ಕದಲ್ಲಿ ಇದಕ್ಕಿಂತ ಶುದ್ಧ ಸಂಸ್ಕರಣೆ ಇನ್ನೊಂದಿಲ್ಲ. ಆದರೆ ಹಣ್ಣಡಿಕೆ ಒಣಗಲು 40-45 ದಿನಗಳ ಗಟ್ಟಿ ಬಿಸಿಲು ಬೇಕು. ಡಿಸೆಂಬರ್, ಜನವರಿಯಲ್ಲಿ ಅಕಾಲಿಕ ಮಳೆ ಬಂದು ಅಂಗಳದ ಅಡಿಕೆ ಎರಡು ಸಲ ನೆನೆದರೆ ಒಳಗೆ ಬೂಸು ಹಿಡಿಯುತ್ತದೆ. ಕುಮಟಾ ಮಾರುಕಟ್ಟೆಯಲ್ಲಿ ಹೊಸ ಚಾಲಿಯ ದರಕ್ಕೂ ಕೋಕಾದ ದರಕ್ಕೂ ಇರುವ ಅಂತರ ಮಾರಿದವರಿಗೆಲ್ಲ ಗೊತ್ತು. ಒಲೆಯ ಶಾಖದ ಡ್ರೈಯರ್ ಇಟ್ಟುಕೊಂಡರೆ ಸರಕು ಉಳಿದೀತು, ಆದರೆ ಉರುವಲು ಬೇಕು. ಬಿಸಿಲಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ಬೆಂಕಿ ಬೇಕಾಗುವುದು ಎರಡು ಬಗೆಯ ನಷ್ಟ.

ಕಾಫಿ: ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಅಡಿಕೆಯ ನಡುವೆ ರೊಬಸ್ಟಾ ಹಾಕುವವರು ಹೆಚ್ಚುತ್ತಿದ್ದಾರೆ. ಅವರಿಗೆ ಫೆಬ್ರವರಿ-ಮಾರ್ಚಿನ ಹೂಮಳೆಯೇ ಜೀವಾಳ. ಅದು ಮುಂಚೆ ಬಂದರೆ, ತುಂತುರಾಗಿ ಬಂದರೆ, ಹೂ ಒಮ್ಮೆಲೇ ಬಿಡದೆ ಚೆದುರಿಹೋಗುತ್ತದೆ. 2021ರ ಜನವರಿಯಲ್ಲಿ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಬಂದು ಹಣ್ಣು ಉದುರಿ ನೆಲದಲ್ಲಿ ಕೊಳೆತದ್ದನ್ನು ಮರೆಯಬಾರದು. ವಿಯೆಟ್ನಾಮಿನ ಬರ, ಬ್ರೆಜಿಲಿನ ಹಿಮ ಮತ್ತು ಬರಗಳಿಂದ ಈಚೆಗೆ ಕಾಫಿ ಬೆಲೆ ಏರಿದ್ದೂ ಇದೇ ಕಥೆಯ ಇನ್ನೊಂದು ಮುಖ. ಪರರ ತೋಟ ಒಣಗಿದಾಗ ಬಂದ ಬೆಲೆಯನ್ನು ನೆಚ್ಚಿಕೊಂಡು ಗಿಡ ಹಾಕುವವರು ನೀರಿನ ಲೆಕ್ಕ ಮೊದಲು ಮಾಡಿಕೊಳ್ಳುವುದು ಒಳ್ಳೆಯದು.

ಹೊಳೆಯಂಚಿನ ತೋಟಗಳಿಗೆ ಉಪ್ಪಿನ ಅಂಜಿಕೆ

ಕಡಲು ಕಾದಾಗ ನೀರು ಹಿಗ್ಗುತ್ತದೆ. ಹಿಮಗಡ್ಡೆ ಕರಗಿ ಸೇರುತ್ತದೆ. 1993ರಿಂದ ಈಚೆಗೆ ಜಗತ್ತಿನ ಸಮುದ್ರಮಟ್ಟ ಸರಾಸರಿ ಹತ್ತು ಸೆಂಟಿಮೀಟರಿನಷ್ಟು ಏರಿದೆ. ಇದು ಅಷ್ಟೇನೂ ಅಲ್ಲವೆಂದು ತೋರಬಹುದು. ಆದರೆ ಸಮತಟ್ಟಾದ ಹೊಳೆಬಾಯಿಯಲ್ಲಿ ಭರತದ ನೀರು ಬಹುದೂರ ಒಳಗೆ ಬರಲು ಅಷ್ಟು ಸಾಕು.

ನಮ್ಮ ಎರಡು ಹೊಳೆಗಳ ಸ್ಥಿತಿ ಬೇರೆ ಬೇರೆ. ಶರಾವತಿಗೆ ಲಿಂಗನಮಕ್ಕಿ ಮತ್ತು ಗೇರುಸೊಪ್ಪೆಯ ಕಟ್ಟೆಗಳಿವೆ. ವಿದ್ಯುತ್ ತಯಾರಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಹರಿಯುವುದರಿಂದ ಹೊನ್ನಾವರದ ಹೊಳೆಯಂಚಿನಲ್ಲಿ ಉಪ್ಪಿನ ಒತ್ತಡ ಕಡಿಮೆ. ಮಳೆಗಾಲದಲ್ಲಿ ಮಾತ್ರ ಕಟ್ಟೆಯ ಬಾಗಿಲ ಕಡೆಗೆ ಕಣ್ಣಿಡಬೇಕು. ಕುಮಟಾದ ಅಘನಾಶಿನಿಗೆ ಅಂಥ ದೊಡ್ಡ ಕಟ್ಟೆ ಯಾವುದೂ ಇಲ್ಲ. ಅದರ ಅಳಿವೆಯನ್ನು 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಚಿಪ್ಪು, ಮೀನು, ಕಾಂಡ್ಲಾ ಗಿಡ, ಗಜನಿಯ ಕಗ್ಗ ಭತ್ತ ಎಲ್ಲಕ್ಕೂ ಆಸರೆ ಅದು. ಆದರೆ ಘಟ್ಟದ ಹಳ್ಳಗಳು ಮಾರ್ಚಿಗೇ ಬತ್ತಿದರೆ ಉಪ್ಪುನೀರು ಮೇಲೇರುತ್ತದೆ, ಪಕ್ಕದ ಬಾವಿಗಳೂ ಸವಳಾಗುತ್ತವೆ. ತೆಂಗು ಒಂದಿಷ್ಟು ಉಪ್ಪನ್ನು ತಾಳಿಕೊಳ್ಳುತ್ತದೆ. ಅಡಿಕೆ, ಕಾಳುಮೆಣಸು, ವೀಳ್ಯದೆಲೆ ತಾಳವು. ಹೊಳೆಯಿಂದ ನೀರೆತ್ತುವವರು ಬೇಸಿಗೆಯಲ್ಲಿ ಇಳಿತದ ಹೊತ್ತು ನೋಡಿ, ನಾಲಿಗೆಗೆ ಹಚ್ಚಿ ನೋಡಿಯೇ ಪಂಪು ಹಚ್ಚತಕ್ಕದ್ದು.

ಇದರಲ್ಲಿ ನಮ್ಮ ಪಾಲೆಷ್ಟು?

ಈ ಅನಿಲಗಳ ಬಹುಪಾಲು ದೊಡ್ಡ ದೇಶಗಳ ಕಾರ್ಖಾನೆ, ವಿದ್ಯುತ್ ಸ್ಥಾವರ, ವಾಹನಗಳಿಂದ ಬಂದದ್ದು. ಎಕರೆ ತೋಟದವನು ಅದರ ಹೊಣೆ ಹೊರಬೇಕೆಂದರೆ ನ್ಯಾಯವಲ್ಲ. ಆದರೂ ನಮ್ಮ ಲೆಕ್ಕ ನಮಗೆ ಗೊತ್ತಿರುವುದು ಒಳ್ಳೆಯದು. ಏಕೆಂದರೆ ಅದರಲ್ಲಿ ನಮ್ಮ ಕಿಸೆಯ ಹಣವೂ ಸೇರಿದೆ.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬುದು ಶಿಫಾರಸು. ಎಕರೆಗೆ 55 ಕಿಲೋ ಸಾರಜನಕವಾಯಿತು. ಎಲ್ಲವನ್ನೂ ರಾಸಾಯನಿಕ ಗೊಬ್ಬರವಾಗಿಯೇ ಕೊಟ್ಟರೆ ಸುಮಾರು 120 ಕಿಲೋ ಯೂರಿಯಾ. ಮಣ್ಣಿನ ಸೂಕ್ಷ್ಮಜೀವಿಗಳು ಇದರ ನೂರರಲ್ಲೊಂದು ಪಾಲನ್ನು ನೈಟ್ರಸ್ ಆಕ್ಸೈಡ್ ಎಂಬ ಅನಿಲವಾಗಿಸುತ್ತವೆಂದು ಸಾಮಾನ್ಯ ಲೆಕ್ಕ; ಒದ್ದೆ ನಾಡಿನಲ್ಲಿ ಇನ್ನೂ ಹೆಚ್ಚಿರಬಹುದು. ತೂಕಕ್ಕೆ ತೂಕ ನೋಡಿದರೆ ಈ ಅನಿಲ ಇಂಗಾಲಾಮ್ಲಕ್ಕಿಂತ 273 ಪಟ್ಟು ಶಾಖ ಹಿಡಿಯುತ್ತದೆ. ಲೆಕ್ಕ ಹಾಕಿದರೆ ಎಕರೆಗೆ ವರ್ಷಕ್ಕೆ ಕಾಲು ಟನ್ ಇಂಗಾಲಾಮ್ಲಕ್ಕೆ ಹತ್ತಿರ. ಸುಮಾರು 90 ಲೀಟರು ಡೀಸೆಲ್ ಉರಿಸಿದಷ್ಟು. ಆರಿದ್ರಾ ಮಳೆಯ ಅಬ್ಬರದಲ್ಲಿ ಯೂರಿಯಾ ಚೆಲ್ಲಿದರೆ ಒಂದು ಪಾಲು ಗಾಳಿಗೆ, ದೊಡ್ಡ ಪಾಲು ಹೊಳೆಗೆ. ಮರಕ್ಕೆ ಸಿಗುವುದು ಉಳಿದದ್ದು ಮಾತ್ರ.

ಇನ್ನು ಲೆಕ್ಕದ ಇನ್ನೊಂದು ಬದಿಗೆ ಬರೋಣ. ನಮ್ಮ ಜಿಲ್ಲೆಯ ಅಡಿಕೆ ತೋಟಿಗರಿಗೆ ಬ್ರಿಟಿಷರ ಕಾಲದಿಂದಲೂ ಸೊಪ್ಪಿನ ಬೆಟ್ಟದ ಸವಲತ್ತು ಇದೆ. ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಕೊಟ್ಟದ್ದುಂಟು. ಘಟ್ಟದ ಕೆಳಗೆ ಅದಕ್ಕಿಂತ ಕಡಿಮೆ. ಒಂದು ಟನ್ ಒಣ ಮರವೆಂದರೆ ಗಾಳಿಯಿಂದ ಹೀರಿಕೊಂಡ ಸುಮಾರು 1.8 ಟನ್ ಇಂಗಾಲಾಮ್ಲ. ಬೆಟ್ಟದಲ್ಲಿ ವರ್ಷಕ್ಕೆ ಒಣತೂಕದಲ್ಲಿ ಒಂದೂಕಾಲು-ಒಂದೂವರೆ ಕ್ವಿಂಟಲು ಮರ ಹೊಸದಾಗಿ ಬೆಳೆದು ನಿಂತರೆ ಮೇಲೆ ಹೇಳಿದ ಗೊಬ್ಬರದ ಬಾಕಿ ತೀರಿತು. ಅದಕ್ಕಿಂತ ಮುಖ್ಯವಾಗಿ, ಭಾರಿ ಮಳೆಯ ಪೆಟ್ಟು ತೋಟಕ್ಕೆ ನೇರ ತಾಗದಂತೆ ತಡೆಯುವುದು, ನೀರನ್ನು ನಿಧಾನವಾಗಿ ಒಸರಿಗೆ ಬಿಡುವುದು ಇದೇ ಬೆಟ್ಟ. ಸೊಪ್ಪು ಸವರಿ ಸವರಿ ಬೋಳಾದ ಬೆಟ್ಟದ ಕೆಳಗೆ ತೋಟವಿರುವವನಿಗೆ ಆಗಸ್ಟಿನಲ್ಲಿ ಮಣ್ಣು, ಎಪ್ರಿಲಿನಲ್ಲಿ ಒಣಹಳ್ಳ. ಬೆಟ್ಟವನ್ನೇ ಯಂತ್ರದಿಂದ ಕಡಿದು ಮೆಟ್ಟಿಲು ಮಾಡಿ ಹೊಸ ಅಡಿಕೆ ಹಾಕುವ ಹುರುಪು ಈಗ ಎಲ್ಲೆಡೆ ಕಾಣುತ್ತಿದೆ. ಅದು ಹಳೆಯ ತೋಟದ ಬೇರನ್ನೇ ಕಡಿದಂತೆ.

ಮಳೆಮಾಪಕವೂ ವಿಮೆಯೂ

ಅಡಿಕೆಗೂ ಕಾಳುಮೆಣಸಿಗೂ ಹವಾಮಾನ ಆಧಾರಿತ ಬೆಳೆ ವಿಮೆಯಿದೆ. ವಿಮಾ ಮೊತ್ತದ ಶೇಕಡಾ 5 ಬೆಳೆಗಾರನ ಪಾಲು. ಉಳಿದ ಕಂತನ್ನು ಸರ್ಕಾರಗಳು ಕಟ್ಟುತ್ತವೆ. ಇಲ್ಲಿ ನೆನಪಿಡಬೇಕಾದ ಅಂಶವೆಂದರೆ, ಈ ವಿಮೆಯಲ್ಲಿ ನಿಮ್ಮ ತೋಟದ ನಷ್ಟವನ್ನು ಯಾರೂ ಬಂದು ಎಣಿಸುವುದಿಲ್ಲ. ನಿಮ್ಮ ಭಾಗದ ಮಳೆಮಾಪಕ ದಾಖಲಿಸಿದ ಅಂಕಿಗಳೇ ಪರಿಹಾರವನ್ನು ನಿರ್ಣಯಿಸುತ್ತವೆ. ಅಂದಮೇಲೆ ಮಾಪಕ ಕೆಟ್ಟು ನಿಂತರೆ, ಮೇಲೆ ಮರದ ಕೊಂಬೆ ಚಾಚಿದರೆ, ನಷ್ಟವಾಗಿಯೂ ಕಾಗದದಲ್ಲಿ ಮಳೆ ಬಿದ್ದಿರುವುದಿಲ್ಲ. ಕರಾವಳಿಯಲ್ಲಿ ಒಂದು ಗುಡ್ಡದ ಆಚೆ ನಾಲ್ಕಿಂಚು, ಈಚೆ ಎರಡಿಂಚು ಬೀಳುವುದು ನಮಗೆ ತಿಳಿಯದ ಮಾತೇ? ಹಾಗಾಗಿ ಊರಿನ ಮಾಪಕ ಎಲ್ಲಿದೆ, ಸರಿಯಾಗಿದೆಯೇ ಎಂದು ಮಳೆಗೆ ಮುಂಚೆಯೇ ನೋಡಿಕೊಳ್ಳುವುದು, ಕೆಟ್ಟಿದ್ದರೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯುವುದು ಬೆಳೆಗಾರರ ಹಿತಕ್ಕೆ ಅತ್ಯವಶ್ಯ.

ಬೆಳೆಗಾರರು ಮಾಡಬಹುದಾದದ್ದು

1. ಪ್ರತಿ ಕೇರಿಯಲ್ಲಿ ಒಬ್ಬರಾದರೂ ಮಳೆ ಅಳೆಯತಕ್ಕದ್ದು. ನೆಟ್ಟಗಿನ ಅಂಚಿನ, ಚಪ್ಪಟೆ ತಳದ ಡಬ್ಬಿಯೂ ಆದೀತು. ಬಯಲಿನಲ್ಲಿಟ್ಟು ದಿನವೂ ಬೆಳಿಗ್ಗೆ 8.30ಕ್ಕೆ ಅಳೆದು, ಪುಸ್ತಕದಲ್ಲಿ ಬರೆದಿಡಬೇಕು. ಕೊಳೆ ಕಂಡ ದಿನ, ಮದ್ದು ಹೊಡೆದ ದಿನ, ಸಿಂಗಾರ ಒಡೆದ ದಿನವನ್ನೂ ಪಕ್ಕದಲ್ಲಿ ಬರೆಯಿರಿ. ವಿಮೆಯ ತೀರ್ಮಾನಕ್ಕೆ ಸರ್ಕಾರಿ ಮಾಪಕದ ಅಂಕಿಯೇ ಆಧಾರವಾದರೂ, ಅದು ತಪ್ಪಿದಾಗ ತೋರಿಸಲು ಕೈಯಲ್ಲೊಂದು ಲೆಕ್ಕವಿರುತ್ತದೆ.

2. ಮೈಲುತುತ್ತ, ಸುಣ್ಣಗಳನ್ನು ಎಪ್ರಿಲ್ ಕೊನೆಯೊಳಗೆ ತಂದಿಟ್ಟುಕೊಳ್ಳಿ. ಮೇ ಮೂರನೆಯ ವಾರದಲ್ಲಿ ನಕ್ಷತ್ರ ನೋಡುವುದರ ಜೊತೆಗೆ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ ನೋಡಿ. ದ್ರಾವಣದಲ್ಲಿ ಹೊಳಪಿನ ಕಬ್ಬಿಣದ ಕತ್ತಿ ಅದ್ದಿ, ಕೆಂಪು ಅಂಟಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸಿ. ಮಾಡಿದ ದಿನವೇ ಹೊಡೆದು ಮುಗಿಸಿ. ಮರ ಹತ್ತುವವರು ಸಿಗದ ಕಡೆ ನಾಲ್ಕಾರು ತೋಟದವರು ಸೇರಿ ದೋಟಿ ಇಟ್ಟುಕೊಳ್ಳಬಹುದು. ಕೆಲವೇ ಮರವಿರುವವರು ಕೊಟ್ಟೆ ಕಟ್ಟಬಹುದು.

3. ಬಸಿಗಾಲುವೆಗಳ ಹೂಳನ್ನು ಮೇ ಮಧ್ಯದೊಳಗೆ ತೆಗೆಯಿರಿ. ಹಿಂದೆ ಮೂರು ದಿನದಲ್ಲಿ ಬೀಳುತ್ತಿದ್ದುದು ಈಗ ಒಂದೇ ದಿನದಲ್ಲಿ ಬಿದ್ದರೂ ಹೊರಹೋಗುವಂತಿರಬೇಕು.

4. ಬೆಟ್ಟದಲ್ಲಿ ನೀರಿಂಗಿಸುವುದು ಒಳ್ಳೆಯದೇ. ಆದರೆ ಕಡಿದಾದ, ಮೆತ್ತನೆ ಮಣ್ಣಿನ ಇಳಿಜಾರಿನಲ್ಲಿ, ಮನೆಯ ಮೇಲ್ಭಾಗದಲ್ಲಿ ಇಂಗುಗುಂಡಿ ಬೇಡ. ಅದೇ ಕುಸಿತಕ್ಕೆ ದಾರಿಯಾದೀತು. ಅಂಥಲ್ಲಿ ಮರ, ಹುಲ್ಲುಗಳೇ ಸಾಕು. ಗುಂಡಿಗೆ ತಕ್ಕ ಜಾಗ ಇಳಿಜಾರು ಕಡಿಮೆಯಿರುವಲ್ಲಿ.

5. ಗೊಬ್ಬರವನ್ನು ಕಂತುಗಳಲ್ಲಿ, ಮಳೆಯ ಅಬ್ಬರ ಇಳಿದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲೊಮ್ಮೆ, ಫೆಬ್ರವರಿಯಲ್ಲಿ ನೀರಿನ ಜೊತೆ ಇನ್ನೊಮ್ಮೆ ಕೊಡುವುದು ಲೇಸು. ಮರಕ್ಕೆ 12 ಕಿಲೋ ಹಸಿರು ಸೊಪ್ಪು, ಅಷ್ಟೇ ಕಾಂಪೋಸ್ಟ್ ಕೊಡುವವರು ಯೂರಿಯಾವನ್ನು ಅದಕ್ಕೆ ತಕ್ಕಂತೆ ಇಳಿಸಬಹುದು. ರೋಗವಿಲ್ಲದ ಸೋಗೆ, ಹಾಳೆ, ಸಿಪ್ಪೆಗಳನ್ನು ಸುಡದೆ ಬುಡಕ್ಕೆ ಹೊದಿಸಿ. ಎಲೆಚುಕ್ಕೆ ಹಿಡಿದ ಸೋಗೆಯನ್ನು ಮಾತ್ರ ತೋಟದಿಂದ ಹೊರಹಾಕಿ ನಾಶಮಾಡಿ.

6. ಚಾಲಿಗೆ ಪಾರದರ್ಶಕ ಹಾಳೆಯ ಒಣಮನೆ ಮಾಡಿಕೊಂಡರೆ ಅಕಾಲಿಕ ಮಳೆಗೂ ಅಂಜಬೇಕಾಗಿಲ್ಲ, ಉರುವಲೂ ಬೇಡ. ಸಣ್ಣ ಹಿಡುವಳಿದಾರರಿಗೆ ಒಬ್ಬೊಬ್ಬರಿಗೆ ಭಾರವಾದರೆ, ಮೂರ್ನಾಲ್ಕು ಮನೆಗೆ ಒಂದರಂತೆ ಆಗಬಹುದು.

ಗಾಳಿಗೆ ಸೇರಿದ ಇಂಗಾಲಾಮ್ಲ ನೂರಾರು ವರ್ಷ ಅಲ್ಲಿಯೇ ಉಳಿಯುತ್ತದೆ. ಜಗತ್ತಿನ ಹೊಗೆ ನಾಳೆಯೇ ನಿಂತರೂ ನಮ್ಮ ಮಕ್ಕಳ ಕಾಲದ ಮಳೆ ನಮ್ಮ ಅಜ್ಜಂದಿರ ಕಾಲದ ಮಳೆಯಾಗದು. ಹೊಗೆ ಕಡಿಮೆ ಮಾಡಿರೆಂದು ಒತ್ತಾಯಿಸುವ ಹಕ್ಕು, ಅದರಿಂದ ನಷ್ಟ ಉಣ್ಣುತ್ತಿರುವ ನಮಗೆ ಎಲ್ಲರಿಗಿಂತ ಹೆಚ್ಚಾಗಿ ಇದೆ. ಆ ಮಾತನ್ನು ಅಂಕಿಗಳ ಬಲದಿಂದ ಹೇಳೋಣ. ಮೂರು ತಾಲೂಕುಗಳ ಕೇರಿಕೇರಿಯಲ್ಲೂ ಒಂದೊಂದು ಮಳೆ ಪುಸ್ತಕ ಹತ್ತು ವರ್ಷ ಬಿಡದೆ ನಡೆದರೆ, ಅದರಷ್ಟು ಬೆಲೆಬಾಳುವ ದಾಖಲೆ ಯಾವ ಕಚೇರಿಯಲ್ಲೂ ಸಿಗದು. ಬರುವ ಕೃತ್ತಿಕೆಗೆ ಮುಂಚೆ ಡಬ್ಬಿಯೊಂದನ್ನು ಬಯಲಿನಲ್ಲಿಡುವುದರಿಂದ ಕೆಲಸ ಶುರುವಾಗಲಿ.